ಹಟ್ಟಿ ಬಿಟ್ಟು ಹೋಗದ ದನಕ್ಕೂ ಕಾಲುಬಾಯಿ ಜ್ವರದ ಲಸಿಕೆ ಏಕೆ?



ಕಾಲುಬಾಯಿ ಜ್ವರದ ಲಸಿಕೆ ಹಾಕಲು ಮನೆಮನೆಗೆ ಹೋದಾಗ ನಾವು ಹೆಚ್ಚಾಗಿ ಕೇಳುವ ಮಾತೊಂದಿದೆ. "ಡಾಕ್ಟ್ರೇ, ನಮ್ಮದು ಇರುವುದೇ ಎರಡು ದನ. ಗುಡ್ಡೆಗೆ ಬಿಡುವುದಿಲ್ಲ, ಬೇರೆ ದನಗಳ ಜೊತೆ ಸೇರಿಸುವುದಿಲ್ಲ. ಹಟ್ಟಿಯಲ್ಲೇ ಕಟ್ಟಿ ಹುಲ್ಲು ಹಾಕುತ್ತೇವೆ. ಇವಕ್ಕೆ ರೋಗ ಎಲ್ಲಿಂದ ಬರಬೇಕು?" ಕಾಪುವಿನ ಕಡಲ ಬದಿಯ ತೆಂಗಿನ ತೋಟದ ಮನೆಯಲ್ಲೂ ಇದೇ ಮಾತು, ಕಾರ್ಕಳದ ಕಾಡಂಚಿನ ಮನೆಯಲ್ಲೂ ಇದೇ ಮಾತು, ಮಣಿಪಾಲದ ಆಸುಪಾಸಿನಲ್ಲಿ ಹತ್ತು ಸೆಂಟ್ಸ್ ಜಾಗದ ಮೂಲೆಯಲ್ಲಿ ಹಟ್ಟಿ ಕಟ್ಟಿಕೊಂಡವರಲ್ಲೂ ಇದೇ ಮಾತು. ಹೀಗೆ ಕೇಳುವವರು ಉದಾಸೀನದವರಲ್ಲ. ದನಕ್ಕೆ ಹೊತ್ತು ಹೊತ್ತಿಗೆ ಅಕ್ಕಚ್ಚು, ಹಿಂಡಿ ಕೊಟ್ಟು, ಮೈ ತೊಳೆದು, ಮಕ್ಕಳಂತೆ ಸಾಕುವವರೇ ಹೆಚ್ಚಾಗಿ ಹೀಗೆ ಕೇಳುತ್ತಾರೆ. ಆದುದರಿಂದ ಅವರ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ನಮ್ಮ ಕರ್ತವ್ಯ.

ದನ ಹಟ್ಟಿ ಬಿಟ್ಟು ಹೋಗುವುದಿಲ್ಲ, ನಿಜ. ಆದರೆ ಹಟ್ಟಿಯೊಳಗೆ ಬಂದು ಹೋಗುವವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ.

ರೋಗ ಬರುವ ದಾರಿಗಳು

ಕಾಲುಬಾಯಿ ಜ್ವರಕ್ಕೆ ಕಾರಣ ಒಂದು ವೈರಾಣು. ಬರಿಗಣ್ಣಿಗಿರಲಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದು. ರೋಗ ತಗಲಿದ ರಾಸಿನ ಜೊಲ್ಲು, ಉಸಿರು, ಹಾಲು, ಮೂತ್ರ, ಸೆಗಣಿ ಎಲ್ಲದರಲ್ಲೂ ಅದು ಹೊರಬರುತ್ತದೆ. ಬಾಯಲ್ಲಿ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹೊರಬರಲು ಆರಂಭವಾಗುತ್ತದೆ ಎಂಬುದನ್ನು ಗಮನಿಸಬೇಕು. ಅಂದರೆ ನೋಡಲು ಆರೋಗ್ಯವಾಗಿಯೇ ಇರುವ ದನದಿಂದಲೂ ರೋಗ ಹರಡುತ್ತಿರಬಹುದು.

ಹಾಲು ಕರೆಯಲು ಬರುವವರು ಬೆಳಿಗ್ಗೆ ಮೂರು ನಾಲ್ಕು ಮನೆ ಮುಗಿಸಿ ನಿಮ್ಮ ಹಟ್ಟಿಗೆ ಬರುತ್ತಾರೆ. ಅವರ ಕೈ, ಬಟ್ಟೆ, ಚಪ್ಪಲಿ ಎಲ್ಲವೂ ಜೊತೆಗೆ ಬರುತ್ತವೆ. ಬೆಳಿಗ್ಗೆ, ಸಂಜೆ ಸಂಘದ ಅಂಗಳದಲ್ಲಿ ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತೇವೆ. ಇಡೀ ಊರಿನ ಹಟ್ಟಿಗಳ ಮಣ್ಣು ಅಲ್ಲಿ ಸೇರುತ್ತದೆ. ದನ ನೋಡಲು ದಲ್ಲಾಳಿ ಬರುತ್ತಾನೆ. ಕೃತಕ ಗರ್ಭಧಾರಣೆಗೆ ನಮ್ಮವರೇ ಬರುತ್ತಾರೆ. ನಾನೂ ಬರುತ್ತೇನೆ, ಪಶುವೈದ್ಯರ ಬೂಟಿನಿಂದ ರೋಗ ಹರಡುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಇವೆಲ್ಲ ಸಾಲದು ಎಂಬಂತೆ ನಮ್ಮ ಕರಾವಳಿಯಲ್ಲಿ ಗದ್ದೆ ಬೇಸಾಯ ಕಡಿಮೆಯಾದ ಮೇಲೆ ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುತ್ತದೆ. ಕರಾವು ದನಗಳೂ ಹಾಗೆಯೇ ಘಟ್ಟ ಇಳಿದು ಬರುತ್ತವೆ.

ಇನ್ನು ನಮ್ಮ ಹವೆ. ಒಣಗಿದರೆ, ನೇರ ಬಿಸಿಲು ಬಿದ್ದರೆ ಈ ವೈರಾಣು ಬೇಗ ಸಾಯುತ್ತದೆ. ತಂಪು ಮತ್ತು ತೇವ ಇದ್ದಲ್ಲಿ ವಾರಗಟ್ಟಲೆ ಬದುಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಡುಪಿ ಜಿಲ್ಲೆಯಲ್ಲಿ ಯಾವುದು ಒಣಗುತ್ತದೆ ಹೇಳಿ? ಸೊಪ್ಪು ಹಾಸಿ ಗೊಬ್ಬರ ಮಾಡುವ ಹಳೆಯ ಪದ್ಧತಿಯ ಹಟ್ಟಿ ಗೊಬ್ಬರಕ್ಕೆ ಒಳ್ಳೆಯದೇ. ಆದರೆ ಒಮ್ಮೆ ರೋಗ ಹೊಕ್ಕರೆ ಆ ಒದ್ದೆ ಹಾಸಿನಲ್ಲಿ ವೈರಾಣು ಹಾಯಾಗಿ ಕುಳಿತುಕೊಳ್ಳುತ್ತದೆ.

ಕಾರ್ಕಳದ ಕಡೆಯ ಒಂದು ಮನೆ

ಕೆಲವು ವರ್ಷಗಳ ಹಿಂದಿನ ಮಾತು. ಕಾರ್ಕಳ ತಾಲೂಕಿನ ಒಂದು ಹಳ್ಳಿಯಲ್ಲಿ ಲಸಿಕೆ ಹಾಕುತ್ತಾ ಹೋಗಿದ್ದೆವು. ಮಧ್ಯಾಹ್ನ ಸಮೀಪಿಸಿತ್ತು, ಇನ್ನೂ ಹದಿನೈದು ಮನೆ ಬಾಕಿ. ಒಂದು ಮನೆಯಲ್ಲಿ ಅರುವತ್ತು ದಾಟಿದ ಒಬ್ಬ ತಾಯಿ. ಒಂದು ಜೆರ್ಸಿ ಮಿಶ್ರತಳಿ ದನ, ಕರು ಹಾಕಿ ಒಂದೂವರೆ ತಿಂಗಳು, ಎರಡು ಹೊತ್ತು ಸೇರಿ ಒಂಬತ್ತು ಲೀಟರ್ ಹಾಲು. "ಈಗ ಬೇಡ ಡಾಕ್ಟ್ರೇ, ಹಾಲು ಕಡಿಮೆಯಾಗುತ್ತದೆ. ಇದು ಹಟ್ಟಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ" ಎಂದರು. ನಾನು ಎರಡು ಮಾತು ಹೇಳಿದೆ. ಅವರು ಒಪ್ಪಲಿಲ್ಲ. ಪುಸ್ತಕದಲ್ಲಿ 'ನಿರಾಕರಿಸಿದ್ದಾರೆ' ಎಂದು ಬರೆದು ಮುಂದಿನ ಮನೆಗೆ ಹೋದೆ.

ಸುಮಾರು ಒಂದು ತಿಂಗಳು ಕಳೆದಿರಬೇಕು. ಆ ಊರಿನ ಇನ್ನೊಂದು ಮನೆಯವರು ಘಟ್ಟದ ಮೇಲಿನಿಂದ ಹೊಸ ದನ ತಂದರು. ನಾಲ್ಕನೆಯ ದಿನಕ್ಕೆ ಅದು ಜೊಲ್ಲು ಸುರಿಸತೊಡಗಿತು. ಆ ಮನೆಗೂ ಈ ತಾಯಿಯ ಮನೆಗೂ ಹಾಲು ಕರೆಯುವವರು ಒಬ್ಬರೇ. ವಾರದೊಳಗೆ ಇಲ್ಲಿಂದ ಫೋನ್ ಬಂತು. ನಾನು ಹೋದಾಗ ದನ ಮೂಲೆಯಲ್ಲಿ ನಿಂತು ಒಂದೊಂದೇ ಕಾಲು ಎತ್ತಿ ಕೊಡವುತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ನಾಲಿಗೆಯ ಮೇಲ್ಪದರ ಹಾಗೆಯೇ ಕಳಚಿ ಬಂತು. ಕರು ಆ ದಿನ ಬೆಳಿಗ್ಗೆ ಹಾಲು ಕುಡಿದು, ನಾಲ್ಕು ಹೆಜ್ಜೆ ನಡೆದು, ಬಿದ್ದು ಸತ್ತಿತ್ತು. ಅದರ ಬಾಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಎಳೆಗರುಗಳಲ್ಲಿ ಈ ವೈರಾಣು ನೇರ ಹೃದಯಕ್ಕೇ ಹೋಗುತ್ತದೆ. ಸತ್ತ ಕರುವಿನ ಹೃದಯ ಕೊಯ್ದು ನೋಡಿದರೆ ಹುಲಿವೇಷದ ಪಟ್ಟೆಯಂತೆ ಬಿಳಿ ಹಳದಿ ಗೆರೆಗಳು ಕಾಣುತ್ತವೆ.

ದನ ಬದುಕಿತು. ಆದರೆ ಹಾಲು ಮೊದಲಿನಂತೆ ಏರಲಿಲ್ಲ. ಒಂದು ಮೊಲೆ ಕೆಚ್ಚಲು ಬಾವಿನಿಂದ ಬತ್ತಿತು. ಮತ್ತೆ ಗಬ್ಬ ಕಟ್ಟಲಿಲ್ಲ. ಬೇಸಿಗೆಯಲ್ಲಿ ನೆರಳಲ್ಲಿ ನಿಂತರೂ ಏದುಸಿರು ಬಿಡುತ್ತಿತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ. "ನೀವು ಇನ್ನೊಂದು ಸಲ ಬಂದು ಹೇಳಿದ್ದರೆ ಹಾಕಿಸುತ್ತಿದ್ದೆ" ಎಂದರು, ಅಷ್ಟೆ. ಅಂದಿನಿಂದ ಬೇಡ ಎಂದವರ ಮನೆಗೆ ಎರಡನೇ ಸಲ ಹೋಗದೆ ನಾನು ಆ ಶಬ್ದವನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಈ ಲೇಖನವನ್ನೂ ಎರಡನೇ ಸಲದ ಭೇಟಿ ಎಂದೇ ತಿಳಿಯಿರಿ.

ಹಾಲಿನ ಲೆಕ್ಕ

ಲಸಿಕೆ ಹಾಕಿದರೆ ಹಾಲು ಕಡಿಮೆಯಾಗುತ್ತದೆ ಎಂಬ ಮಾತು ಸುಳ್ಳಲ್ಲ. ಕೆಲವು ದನಗಳಿಗೆ ಒಂದೆರಡು ದಿನ ಸಣ್ಣ ಜ್ವರ ಬರಬಹುದು, ಹಾಲು ಸ್ವಲ್ಪ ಇಳಿಯಬಹುದು. ಚುಚ್ಚಿದ ಜಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು ನಿಲ್ಲಬಹುದು; ಲಸಿಕೆಯಲ್ಲಿ ಎಣ್ಣೆಯಂಶ ಇರುವುದರಿಂದ ಅದು ನಿಧಾನವಾಗಿ ಕರಗುತ್ತದೆ. ಇದನ್ನು ಮುಚ್ಚಿಟ್ಟು 'ಏನೂ ಆಗುವುದಿಲ್ಲ' ಎಂದು ಹೇಳಿದರೆ, ಮುಂದಿನ ಸಲ ನಮ್ಮ ಮಾತನ್ನು ಯಾರೂ ನಂಬಲಾರರು.

ಈಗ ಲೆಕ್ಕ ಹಾಕೋಣ. ಲೀಟರಿಗೆ 35 ರೂಪಾಯಿ ಎಂದು ಹಿಡಿಯಿರಿ. ಲಸಿಕೆಯ ನಂತರ ದಿನಕ್ಕೆ ಒಂದು ಲೀಟರಿನಂತೆ ಎರಡು ದಿನ ಇಳಿದರೆ 70 ರೂಪಾಯಿ. ವರ್ಷಕ್ಕೆ ಎರಡು ಸಲ ಎಂದರೆ 140 ರೂಪಾಯಿ. ರೋಗ ಬಂದಾಗ 8 ಲೀಟರಿನ ದನ 2 ಲೀಟರಿಗೆ ಇಳಿಯಿತು, ಒಂದು ತಿಂಗಳು ಹಾಗೆಯೇ ಇತ್ತು ಎಂದಿಟ್ಟುಕೊಳ್ಳಿ. 180 ಲೀಟರ್, 6,300 ರೂಪಾಯಿ. ಔಷಧಿ ಖರ್ಚು, ಸತ್ತ ಕರು, ಬತ್ತಿದ ಮೊಲೆ, ಗಬ್ಬ ಕಟ್ಟದೆ ಹೋದ ತಿಂಗಳುಗಳು ಈ ಲೆಕ್ಕಕ್ಕೆ ಸೇರಿಲ್ಲ. ಲಸಿಕೆಗೆ ನೀವು ಹಣ ಕೊಡಬೇಕಾಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. 2030ರೊಳಗೆ ದೇಶದಿಂದ ಈ ರೋಗವನ್ನು ನಿರ್ಮೂಲ ಮಾಡಬೇಕೆಂಬುದು ಅದರ ಗುರಿ.

ನಮ್ಮ ಹಿರಿಯರು ಸಾಕುತ್ತಿದ್ದ ಮಲೆನಾಡು ಗಿಡ್ಡ ತಳಿಯ ದನಗಳಿಗೂ ಈ ಜ್ವರ ಬರುತ್ತಿತ್ತು. ಎರಡು ದಿನ ಕುಂಟಿ, ಮತ್ತೆ ಗುಡ್ಡೆ ಹತ್ತಿ ಹೋಗುವ ದನಗಳೇ ಹೆಚ್ಚು. "ಹಿಂದೆ ಲಸಿಕೆ ಇತ್ತೇ?" ಎಂದು ಕೇಳುವ ಹಿರಿಯರು ತಮ್ಮ ಅನುಭವದಿಂದಲೇ ಕೇಳುತ್ತಾರೆ. ಆದರೆ 1970ರ ದಶಕದಲ್ಲಿ ಮಣಿಪಾಲದಲ್ಲಿ ಹಾಲು ಒಕ್ಕೂಟ ಆರಂಭವಾದ ಕಾಲದಿಂದ ಈಚೆಗೆ ನಮ್ಮ ಹಟ್ಟಿಗಳಲ್ಲಿ ಜೆರ್ಸಿ, ಎಚ್.ಎಫ್. ಮಿಶ್ರತಳಿಗಳು ತುಂಬಿವೆ. ಹಾಲು ಕೊಡುವ ಶಕ್ತಿ ಅವಕ್ಕೆ ಹೆಚ್ಚು, ಈ ರೋಗ ತಾಳುವ ಶಕ್ತಿ ಕಡಿಮೆ. 2013ರಲ್ಲಿ ಕೋಲಾರ, ರಾಮನಗರ, ಬೆಂಗಳೂರು ಗ್ರಾಮಾಂತರ ಮುಂತಾದ ಕಡೆ ಈ ಜ್ವರ ಹಬ್ಬಿದಾಗ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು. ಮಿಶ್ರತಳಿ ಹಸುಗಳನ್ನೇ ನಂಬಿದ್ದ ಎಷ್ಟೋ ಮನೆಗಳು ಹಾಲಿನ ಆದಾಯವನ್ನೇ ಕಳೆದುಕೊಂಡವು.

ಆರು ತಿಂಗಳಿಗೊಮ್ಮೆ ಏಕೆ?

ಹಿರಿಯರಿಗೆ ದೊಡ್ಡ ರೋಗದ ನೆನಪಿರಬಹುದು. ಒಂದು ಕಾಲಕ್ಕೆ ಹಟ್ಟಿಗೆ ಹಟ್ಟಿಯನ್ನೇ ಖಾಲಿ ಮಾಡುತ್ತಿದ್ದ ಆ ರೋಗ ಭಾರತದಲ್ಲಿ 1995ರ ನಂತರ ಕಂಡಿಲ್ಲ. 2011ರಲ್ಲಿ ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಅದನ್ನು ಓಡಿಸಿದ್ದು ಲಸಿಕೆಯೇ. ಆದರೆ ದೊಡ್ಡ ರೋಗದ ಲಸಿಕೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ರಕ್ಷಣೆ ಇರುತ್ತಿತ್ತು. ಕಾಲುಬಾಯಿ ಜ್ವರದ ಲಸಿಕೆ ಸತ್ತ ವೈರಾಣುವಿನಿಂದ ಮಾಡಿದ್ದು. ಅದರ ರಕ್ಷಣೆ ಸುಮಾರು ಆರು ತಿಂಗಳು ಮಾತ್ರ. ಬೇಲಿಯನ್ನು ವರ್ಷ ವರ್ಷ ಕಟ್ಟುವ ಹಾಗೆ ಇದನ್ನೂ ಮತ್ತೆ ಮತ್ತೆ ಹಾಕಿಸಬೇಕು.

ಇನ್ನೊಂದು ತೊಡಕಿದೆ. ಈ ವೈರಾಣುವಿನಲ್ಲಿ ಹಲವು ಬಗೆ. ನಮ್ಮ ದೇಶದಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳಿವೆ. ಒಂದು ಬಗೆಯಿಂದ ಕಾಯಿಲೆ ಬಿದ್ದು ಎದ್ದ ದನಕ್ಕೆ ಇನ್ನೊಂದು ಬಗೆಯಿಂದ ಮತ್ತೆ ಕಾಯಿಲೆ ಬರಬಹುದು. "ಹೋದ ವರ್ಷ ಬಂದು ಹೋಗಿದೆ, ಇನ್ನು ಬಾರದು" ಎಂದು ಸುಮ್ಮನಿರುವಂತಿಲ್ಲ. ನಾವು ಹಾಕುವ ಲಸಿಕೆಯಲ್ಲಿ ಮೂರೂ ಬಗೆಗಳು ಸೇರಿವೆ.

ಕರುಗಳಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಲಸಿಕೆ. ಅದಕ್ಕಿಂತ ಮೊದಲು ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಕರುವಿನ ಮೈಯಲ್ಲಿರುತ್ತದೆ. ಅದೇ ಲಸಿಕೆಯ ಕೆಲಸಕ್ಕೆ ಅಡ್ಡಿ. ಮೊದಲ ಸಲ ಹಾಕಿಸಿಕೊಂಡ ಕರುವಿಗೆ ಒಂದು ತಿಂಗಳ ನಂತರ ಇನ್ನೊಂದು ಸಲ ಹಾಕಿಸಲೇಬೇಕು. ಹೆಚ್ಚಿನವರು ಮರೆಯುವುದು ಈ ಎರಡನೆಯದನ್ನೇ. ಮನೆಯ ಕ್ಯಾಲೆಂಡರಿನಲ್ಲಿ ದಿನಾಂಕಕ್ಕೆ ಗುರುತು ಹಾಕಿಡಿ.

ನಿಮ್ಮ ದನಕ್ಕೆ ಹಾಕಿಸಿದರೆ ನಿಮ್ಮ ಕೆಲಸ ಮುಗಿಯಿತು ಎಂದೂ ಹೇಳಲಾರೆ. ಊರಿನ ನೂರು ರಾಸುಗಳಲ್ಲಿ ಎಂಬತ್ತಕ್ಕಿಂತ ಹೆಚ್ಚಿನವಕ್ಕೆ ಲಸಿಕೆ ಬಿದ್ದಾಗ ಮಾತ್ರ ವೈರಾಣುವಿಗೆ ಒಂದು ಹಟ್ಟಿಯಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಾಗುತ್ತದೆ. ನೆರೆಮನೆಯವರು ಬೇಡ ಎಂದರೆ ಅದು ಅವರ ಮನೆಯ ವಿಚಾರ ಮಾತ್ರವಲ್ಲ. ನಾವು ಹೇಳುವುದಕ್ಕಿಂತ ನೀವು ಬೇಲಿಯ ಬದಿಯಲ್ಲಿ ನಿಂತು ಹೇಳುವ ಮಾತಿಗೆ ಬೆಲೆ ಹೆಚ್ಚು. ಆಡು, ಹಂದಿಗಳಿಗೂ ಈ ರೋಗ ಬರುತ್ತದೆ ಎಂಬುದನ್ನು ಮರೆಯಬೇಡಿ.

ಕಂಬಳದ ಕೋಣಗಳ ಬಗ್ಗೆ ಒಂದು ಮಾತು. ಕಟಪಾಡಿ, ಮಿಯಾರು ಮುಂತಾದ ಕಡೆ ಕರೆಗೆ ಇಳಿಯುವ ಕೋಣಗಳ ಆರೈಕೆಯನ್ನು ನೋಡಿದರೆ ನಮಗೇ ಹೊಟ್ಟೆಕಿಚ್ಚಾಗಬೇಕು, ಅಷ್ಟು ಚೆನ್ನಾಗಿ ಸಾಕುತ್ತಾರೆ. ಆದರೆ ಕಂಬಳದ ಕಾಲದಲ್ಲಿ ಅವು ವಾರಕ್ಕೊಂದು ಊರಿಗೆ ಹೋಗಿ ಬರುತ್ತವೆ. ನೂರಾರು ಜೋಡಿ ಒಂದೇ ಕಡೆ ಸೇರುತ್ತವೆ. ನವೆಂಬರ್‌ನಲ್ಲಿ ಕಂಬಳ ಆರಂಭವಾಗುವ ಒಂದು ತಿಂಗಳು ಮೊದಲೇ ಲಸಿಕೆ ಹಾಕಿಸಿದರೆ ಓಟಕ್ಕೂ ತೊಂದರೆಯಿಲ್ಲ, ಮನೆಯ ಕರಾವು ದನಗಳಿಗೂ ರಕ್ಷಣೆ.

ಗಬ್ಬದ ದನ

"ಲಸಿಕೆ ಹಾಕಿಸಿದರೆ ಕಂದು ಹಾಕುತ್ತದೆ" ಎಂಬ ಭಯ ಬಹಳ ಕಡೆ ಇದೆ. ಲಸಿಕೆಯಲ್ಲಿರುವ ಸತ್ತ ವೈರಾಣುವಿನಿಂದ ರೋಗ ಬರಲಾರದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಮಾತ್ರ ದನವನ್ನು ಹಿಡಿದು ಒತ್ತಿ ಕಟ್ಟುವುದರಿಂದ ತೊಂದರೆಯಾಗಬಹುದೆಂದು ಅಂಥವನ್ನು ಬಿಟ್ಟು ಹೋಗುತ್ತೇವೆ. ಮೂರು, ನಾಲ್ಕು, ಐದು ತಿಂಗಳ ಗಬ್ಬದ ದನಕ್ಕೆ ಹಾಕಿಸಲು ಹೆದರಬೇಕಾಗಿಲ್ಲ. ಕಾಲುಬಾಯಿ ಜ್ವರವೇ ಬಂದರೆ ಗಬ್ಬ ಹೋಗುವ ಸಂಭವ ಹೆಚ್ಚು. ಗಬ್ಬ ಎಷ್ಟು ತಿಂಗಳು ಎಂಬುದನ್ನು ಸರಿಯಾಗಿ ಹೇಳಿ; ಹಾಕಿಸುವುದು ಬೇಡವೆಂದು ಐದನ್ನು ಎಂಟು ಮಾಡುವವರೂ ಇದ್ದಾರೆ, ಕೈ ಹಾಕಿ ನೋಡಿದರೆ ನಮಗೆ ತಿಳಿಯುತ್ತದೆ!

ಲಸಿಕೆಯ ದಿನ

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಬಂದವರ ಪೆಟ್ಟಿಗೆಯಲ್ಲಿ ಐಸ್ ಇದೆಯೇ, ಸೂಜಿ ದನದಿಂದ ದನಕ್ಕೆ ಬದಲಾಯಿಸುತ್ತಾರೆಯೇ ಎಂದು ನೀವು ಧೈರ್ಯವಾಗಿ ಕೇಳಬಹುದು. ಕೇಳಿದರೆ ನಮಗೆ ಬೇಸರವಿಲ್ಲ. ದನವನ್ನು ಬೆಳಿಗ್ಗೆಯೇ ಹಿಡಿದು ಕಟ್ಟಿ, ಮನೆಯಲ್ಲಿ ಒಬ್ಬರಾದರೂ ಇರಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆಯಲ್ಲೇ ಲಸಿಕೆಯ ದಾಖಲೆ ಆಗುವುದು. ಓಲೆ ಬಿದ್ದುಹೋಗಿದ್ದರೆ ಮೊದಲೇ ತಿಳಿಸಿ. ಜಂತು ಹುಳದ ಔಷಧಿಯನ್ನು ಎರಡು ಮೂರು ವಾರ ಮುಂಚಿತವಾಗಿ ಕೊಟ್ಟಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಜ್ವರ ಇರುವ, ಮೇವು ಬಿಟ್ಟ ದನಕ್ಕೆ ಅಂದು ಹಾಕಿಸುವುದು ಬೇಡ, ಗುಣವಾದ ಮೇಲೆ ಹಾಕಿಸೋಣ.

ಲಸಿಕೆಯ ರಕ್ಷಣೆ ಮರುದಿನವೇ ಬಾರದು, ಸುಮಾರು ಎರಡು ವಾರ ಬೇಕು. ಆದುದರಿಂದ ಹೊಸ ದನ ತರುವವರು ಅದು ಬರುವ ಮೊದಲೇ ಅಲ್ಲಿ ಲಸಿಕೆ ಹಾಕಿಸಿ, ತಂದ ಮೇಲೆ ಮೂರು ವಾರ ಬೇರೆ ಕಡೆ ಕಟ್ಟಿ. ಬೇರೆ ಜಾಗ ಇಲ್ಲ ಎಂದರೆ ತೋಟದ ಮೂಲೆಯಲ್ಲಿ ಒಂದು ಸೋಗೆಯ ಮಾಡು ಸಾಕು. ಹೊಸ ದನದ ಕೆಲಸವನ್ನು ಕೊನೆಗೆ ಮಾಡಿ, ಬಾಲ್ದಿ ಬೇರೆ ಇಡಿ.

ರೋಗ ಬಂದೇ ಬಿಟ್ಟರೆ

ದನ ಮೇವು ಬಿಟ್ಟಿದೆ, ಹಗ್ಗದಂತೆ ಜೊಲ್ಲು ಇಳಿಯುತ್ತಿದೆ, ಬಾಯಿ ಚಪ್ಪರಿಸುತ್ತಿದೆ, ಕುಂಟುತ್ತಿದೆ ಎಂದಾದರೆ ಅಂದೇ ಸಂಘದ ಕಾರ್ಯದರ್ಶಿಗೂ ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. 1962 ಸಂಖ್ಯೆಗೂ ಕರೆ ಮಾಡಬಹುದು. ಮುಚ್ಚಿಡಬೇಡಿ. ಹಾಲು ಬೇಡವೆನ್ನುತ್ತಾರೆ ಎಂದು ಹೆದರಿ ಮೂರು ದಿನ ಮುಚ್ಚಿಟ್ಟರೆ ನಾಲ್ಕನೇ ದಿನ ಹತ್ತು ಮನೆಯಲ್ಲಿ ರೋಗ ಇರುತ್ತದೆ. 2009ರ ಕಾನೂನಿನ ಪ್ರಕಾರವೂ ಈ ರೋಗವನ್ನು ತಿಳಿಸುವುದು ಸಾಕುವವರ ಜವಾಬ್ದಾರಿ.

ಆ ದನದ ಹಾಲನ್ನು ಸಂಘಕ್ಕೆ ಹಾಕಬೇಡಿ, ಕುದಿಸದೆ ಕರುವಿಗೆ ಕೊಡಬೇಡಿ, ಕರುವನ್ನು ಮೊಲೆಗೆ ಬಿಡಬೇಡಿ. ಮನೆಯವರಿಗೆ ಈ ರೋಗ ಅಂಟುವ ಭಯ ಬೇಡ. ಮಕ್ಕಳಿಗೆ ಕೈ, ಕಾಲು, ಬಾಯಲ್ಲಿ ಗುಳ್ಳೆ ಬರುವ ಕಾಯಿಲೆ ಬೇರೆಯೇ. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ ಕರಗಿಸಿ ನೆಲ, ಬಾಲ್ದಿ, ಮೇವಿನ ತೊಟ್ಟಿ ತೊಳೆಯಿರಿ. ಅಡುಗೆ ಸೋಡ ಇದಕ್ಕೆ ಆಗದು. ಹಟ್ಟಿಯ ಬಾಗಿಲಲ್ಲಿ ಅದೇ ನೀರಿನಲ್ಲಿ ನೆನೆಸಿದ ಗೋಣಿ ಹಾಸಿ, ತುಳಿದೇ ಒಳಗೆ ಹೊರಗೆ ಹೋಗಿ. ಒದ್ದೆ ಹಾಸನ್ನು ತೋಟಕ್ಕೆ ಹೊರದೆ ಒಂದೇ ಕಡೆ ರಾಶಿ ಮಾಡಿ ಮುಚ್ಚಿ.

ಈ ವೈರಾಣುವನ್ನು ಕೊಲ್ಲುವ ಇಂಜೆಕ್ಷನ್ ಇಲ್ಲ. ನಾವು ಕೊಡುವ ಔಷಧಿ ಹುಣ್ಣಿಗೆ ಬೇರೆ ಸೋಂಕು ತಗಲದಿರಲಿ ಎಂದು. ಬಾಯನ್ನು ತಿಳಿ ಗುಲಾಬಿ ಬಣ್ಣ ಬರುವಷ್ಟೇ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ನೀರಿನಿಂದ ತೊಳೆದು, ಜೇನಿನಲ್ಲಿ ಕಲಸಿದ ರಾಗಿ ಹಿಟ್ಟನ್ನು ನಾಲಿಗೆಗೆ ಸವರಿ. ಗೊರಸಿನ ಸಂದಿಗೆ ಬೇವಿನೆಣ್ಣೆ ಹಚ್ಚಿ ನೊಣ ಕೂರದಂತೆ, ಹುಳ ಬೀಳದಂತೆ ನೋಡಿಕೊಳ್ಳಿ. ಎಳೆ ಹುಲ್ಲು, ತೆಳು ಗಂಜಿ ಕೊಡಬಹುದು. ಪಾಪ ಎಂದು ಬಕೆಟ್ ತುಂಬ ಕುಚ್ಚಲಕ್ಕಿ ಅನ್ನ ಕೊಟ್ಟು ಹೊಟ್ಟೆ ಹುಳಿಯಾಗಿ ದನ ಸತ್ತದ್ದೂ ಉಂಟು.

ಮುಂದಿನ ಸುತ್ತಿನ ದಿನಾಂಕವನ್ನು ಸಂಘದ ಫಲಕದಲ್ಲಿ ಬರೆಯುತ್ತಾರೆ. ಅಂದು ಗಬ್ಬದ ಕಾರಣಕ್ಕೋ ಜ್ವರದ ಕಾರಣಕ್ಕೋ ಬಿಟ್ಟುಹೋದ ದನಗಳಿದ್ದರೆ, ಕರು ಹಾಕಿದ ಮೇಲೆ ಅಥವಾ ಗುಣವಾದ ಮೇಲೆ ಕಾರ್ಯದರ್ಶಿಯವರ ಬಳಿ ಕಿವಿಯೋಲೆಯ ಸಂಖ್ಯೆ ಬರೆಸಿಡಿ. ಅಂಥವು ನಾಲ್ಕೈದು ಸೇರಿದ ಕೂಡಲೇ ಮತ್ತೆ ಬರುತ್ತೇವೆ.